ಫೋನು ಹಚ್ಚುವವರ ಇಂಗ್ಲಿಷು



ನಮ್ಮ ಬಾಗಲಕೋಟೆ ಸೀಮೆಯಲ್ಲಿ ‘ಹಚ್ಚು’ ಎಂಬ ಕ್ರಿಯಾಪದ ಎಷ್ಟು ಕೆಲಸ ಹೊತ್ತಿದೆ ನೋಡಿ. ದೀಪ ಹಚ್ಚುತ್ತೇವೆ, ಅರಿಷಿಣ ಹಚ್ಚುತ್ತೇವೆ, ಗಿಡ ಹಚ್ಚುತ್ತೇವೆ, ಟಿವಿ ಹಚ್ಚುತ್ತೇವೆ, ಫೋನು ಹಚ್ಚುತ್ತೇವೆ, ಮಗನ ಹೆಸರು ಸಾಲಿಗೆ ಹಚ್ಚುತ್ತೇವೆ. ಮರಾಠಿಯ ‘ಲಾವಣೇ’ಯೂ ಇವುಗಳಲ್ಲಿ ಬಹುಪಾಲನ್ನು ಹೊರುತ್ತದೆ, 1956ರ ತನಕ ಮುಂಬೈ ಆಡಳಿತದಲ್ಲಿದ್ದ ನೆಲವಿದು, ಎರಡು ಭಾಷೆಗಳು ಇಷ್ಟು ಹತ್ತಿರವಿರುವುದರಲ್ಲಿ ಸೋಜಿಗವಿಲ್ಲ. ಇಂಗ್ಲಿಷಿಗೆ ಬಂದರೆ ದೀಪಕ್ಕೆ ‘ಲೈಟ್’, ಅರಿಷಿಣಕ್ಕೆ ‘ಅಪ್ಲೈ’, ಗಿಡಕ್ಕೆ ‘ಪ್ಲಾಂಟ್’, ಟಿವಿಗೆ ‘ಟರ್ನ್ ಆನ್’, ಫೋನ್ ಕಾಲ್‌ಗೆ ‘ಮೇಕ್’, ಸಾಲಿಗೆ ‘ಎನ್ರೋಲ್’. ಹುಡುಗ ತಡವರಿಸಿದರೆ ಅವನಿಗೆ ದಡ್ಡ ಅನ್ನಬೇಡಿ.

ಈ ತೊಂದರೆ ಇಂಗ್ಲಿಷಿನವರಿಗೂ ಇದೆ. ನಮ್ಮ ಹೆಣ್ಣುಮಗಳು ಇಳಕಲ್ ಸೀರೆ ಉಡುತ್ತಾಳೆ, ಗುಳೇದಗುಡ್ಡದ ಖಣದ ಕುಪ್ಪಸ ತೊಡುತ್ತಾಳೆ, ಬಳೆ ಇಟ್ಟುಕೊಳ್ಳುತ್ತಾಳೆ, ಹೂ ಮುಡಿಯುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ. ಆಕೆಯ ಗಂಡ ಪಟಗ ಸುತ್ತುತ್ತಾನೆ. ಇಂಗ್ಲಿಷಿನವನಿಗೆ ಇವಿಷ್ಟಕ್ಕೂ ‘ವೇರ್’ ಒಂದೇ ಸಾಕು. ಕನ್ನಡಕ, ಅತ್ತರು, ಗಡ್ಡಕ್ಕೂ ಅದೇ. ಅವನು ಕನ್ನಡ ಕಲಿತು ‘ಹೂ ಉಟ್ಟಳು’ ಅಂದರೆ ಹುನಗುಂದ ಪೇಟೆಯಲ್ಲಿ ನಗದವರು ಯಾರು?

ಇದಕ್ಕೆಲ್ಲ ‘ಯಾಕೆ’ ಎಂದು ಕೇಳಿದರೆ ವ್ಯಾಕರಣದಲ್ಲಿ ಉತ್ತರವಿಲ್ಲ. ರೂಢಿ, ಅಷ್ಟೆ. ಆದರೆ ನಾವು ಕಲಿಸುವುದು ಪದಪಟ್ಟಿ: ‘ಮಾಡು’ ಅಂದರೆ ‘ಡೂ’. 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬಂತು, ಪಟ್ಟಿಯೂ ಕೆಳಗಿಳಿಯಿತು. ಆ ಪಟ್ಟಿ ನಂಬಿದ ಮಗು ತಪ್ಪನ್ನೂ ‘ಡೂ’ ಮಾಡುತ್ತದೆ, ಭಾಷಣವನ್ನೂ ‘ಡೂ’ ಮಾಡುತ್ತದೆ. ಇಂಗ್ಲಿಷಿನಲ್ಲಿ ತಪ್ಪಿಗೆ ‘ಮೇಕ್’, ಭಾಷಣಕ್ಕೆ ‘ಗಿವ್’ ಅಥವಾ ‘ಮೇಕ್’, ಕೊಲೆಗೆ ‘ಕಮಿಟ್’.

ಯಾವ ಪದಕ್ಕೆ ಯಾವ ಪದ ಜೋಡಿ ಎಂಬುದನ್ನು ಮೊದಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಹೊರದೇಶದಲ್ಲಿ ಪಾಠ ಹೇಳುತ್ತಿದ್ದವರೇ ಮುಂದು. ಹೆರಾಲ್ಡ್ ಪಾಮರ್ 1933ರಲ್ಲಿ ಟೋಕಿಯೋದಲ್ಲಿ ಇಂಥ ಪದಜೋಡಿಗಳ ಮೇಲೆ ಒಂದು ವರದಿಯನ್ನೇ ತಂದ. ಅವನ ಜೊತೆಗಿದ್ದ ಹಾರ್ನ್‌ಬಿಯ ನಿಘಂಟು 1942ರಲ್ಲಿ ಜಪಾನಿನಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂತು. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿರುವ ‘ಅಡ್ವಾನ್ಸ್ಡ್ ಲರ್ನರ್ಸ್’ ಅದರ ಸಂತಾನ. ಇಂಥ ಜೋಡಿಗೆ ‘ಕೊಲೊಕೇಶನ್’ ಎಂಬ ಮಾತನ್ನು ಭಾಷಾವಿಜ್ಞಾನದಲ್ಲಿ ನೆಲೆಗೊಳಿಸಿದ ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದ. ಲಂಡನ್ನಿನಲ್ಲೇ ಕೂತವನಿಗೆ ತನ್ನ ಮಾತಿನ ವಿಚಿತ್ರ ಕಾಣುವುದು ಕಷ್ಟ.

ನಾನು ಶಿಕ್ಷಕರಲ್ಲಿ ಕೇಳುವುದು ಒಂದೇ: ನಾಮಪದದಿಂದ ಶುರುಮಾಡಿ. ಮಾತಾಡುವವನಿಗೆ ಮೊದಲು ಹೊಳೆಯುವುದು ಅದೇ. ಹೇಳಬೇಕಾದ್ದು ‘ತಪ್ಪು’ ಅಂತ ಗೊತ್ತಿರುತ್ತದೆ, ಅದಕ್ಕೆ ಯಾವ ಕ್ರಿಯಾಪದ ಅನ್ನುವಲ್ಲಿ ಸಿಕ್ಕಿಬೀಳುತ್ತಾನೆ. ಕನ್ನಡ ವಾಕ್ಯದಲ್ಲಿ ನಾಮಪದ ಮುಂದೆ, ಕ್ರಿಯಾಪದ ಹಿಂದೆ; ಹಾಗಾಗಿ ನಮ್ಮ ಮಕ್ಕಳಿಗೆ ಈ ದಾರಿ ಸಲೀಸು. 2002ರಲ್ಲಿ ಬಂದ ಆಕ್ಸ್‌ಫರ್ಡ್ ಕೊಲೊಕೇಶನ್ಸ್ ನಿಘಂಟಿನಲ್ಲೂ ನಾಮಪದ ತೆಗೆದರೆ ಅದರೊಂದಿಗೆ ಬರುವ ಕ್ರಿಯಾಪದಗಳು ಸಿಗುತ್ತವೆ. ನೋಟ್‌ಬುಕ್ಕಿನಲ್ಲಿ ‘ಡಿಸಿಷನ್’ ಎಂದಷ್ಟೇ ಬರೆಸಬೇಡಿ; ‘ಮೇಕ್ ಎ ಡಿಸಿಷನ್’ ಎಂದು ಇಡಿಯಾಗಿ ಬರೆಸಿ.

ಬಾದಾಮಿಯಲ್ಲಿ ಪ್ರವಾಸಿಗರ ಜೊತೆ ಓಡಾಡುವ ಹುಡುಗರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. 578ರ ಮಂಗಲೇಶನ ಶಾಸನವಿರುವ ಮೂರನೆಯ ಗುಹೆಯೆದುರು ನಿಂತು ‘ಬಿಲ್ಟ್’ ಅಂದರೆ ಕೇಳುವವನು ಕಲ್ಲು ಪೇರಿಸಿದ್ದನ್ನು ಕಲ್ಪಿಸಿಕೊಳ್ಳುತ್ತಾನೆ. ಗುಹೆಯನ್ನು ಕೊರೆಯುತ್ತಾರೆ, ಅಲ್ಲಿ ‘ಕಾರ್ವ್’ ಬೇಕು. ಅಗಸ್ತ್ಯತೀರ್ಥದ ಆಚೆಯ ಭೂತನಾಥ ಗುಡಿಗೆ ‘ಬಿಲ್ಟ್’ ಸರಿ.

ಎಲ್ಲ ಜೋಡಿಗೂ ಕೆಂಪು ಶಾಯಿ ಎಳೆಯಬೇಕೆಂದೇನೂ ಇಲ್ಲ. ಪರೀಕ್ಷೆಯನ್ನು ನಾವು ಬರೆಯುತ್ತೇವೆ, ಹಿಂದಿಯವರು ಕೊಡುತ್ತಾರೆ, ಬ್ರಿಟಿಷರು ‘ಟೇಕ್’ ಇಲ್ಲವೆ ‘ಸಿಟ್’ ಅನ್ನುತ್ತಾರೆ. ‘ರೈಟ್ ದ ಎಕ್ಸಾಮ್’ ಕೆನಡಾದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ನಡೆಯುವ ಮಾತು. ಹುನಗುಂದದ ಹುಡುಗಿ ಹಾಗೆ ಬರೆದರೆ ನಾನು ಅಂಕ ಕಳೆಯುವುದಿಲ್ಲ. ವಿದೇಶಕ್ಕೆ ಅರ್ಜಿ ಹಾಕುವ ದಿನ ಬಂದರೆ ‘ಟೇಕ್’ ಕೂಡ ಇದೆಯಮ್ಮಾ ಅಂತ ಹೇಳಿ ಕಳಿಸುತ್ತೇನೆ.