ಎಂಟರ್ ಒತ್ತುವ ಮುನ್ನ



ನಾನು ಭಾಷಣಕಾರನಲ್ಲ. ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಅವು ಸರಿಯಾಗಿ ನಡೆಯುವಷ್ಟು ದಿನ ನಮ್ಮ ನೆನಪು ಯಾರಿಗೂ ಬರುವುದಿಲ್ಲ. ನಿಂತ ದಿನ ಎಲ್ಲರಿಗೂ ಬರುತ್ತದೆ! ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದ ಹಿರಿಯರು ಕೇಳಿಕೊಂಡಾಗ, ನನ್ನ ಜಾಣತನದ ಬದಲು ನಾನು ಮಾಡಿದ ಒಂದು ತಪ್ಪನ್ನು ಹೇಳುವುದೇ ನಿಮಗೆ ಹೆಚ್ಚು ಉಪಯೋಗವಾದೀತು ಎನಿಸಿತು.

ಕಂಪ್ಯೂಟರ್ ಕಲಿತಿದ್ದೇನೆ ಎನ್ನುವವರಲ್ಲಿ ಹೆಚ್ಚಿನವರು ಕಲಿತಿರುವುದು ಮೌಸ್ ಒತ್ತುವುದನ್ನು. ಅದು ತಪ್ಪೇನಲ್ಲ. ಆದರೆ ಒಂದು ಶಾಲೆಯ 400 ಮಕ್ಕಳ ಭಾವಚಿತ್ರಗಳಿವೆ, ಪ್ರತಿಯೊಂದು ಕಡತದ ಹೆಸರಿಗೂ ವರ್ಷವನ್ನು ಸೇರಿಸಬೇಕು ಎಂದುಕೊಳ್ಳಿ. ಮೌಸ್ ಹಿಡಿದು ಕುಳಿತರೆ ಬೆಳಗ್ಗೆ ಹೋಗಿ ಮಧ್ಯಾಹ್ನವಾಗುತ್ತದೆ, ನಡುವೆ ಹತ್ತಾರು ತಪ್ಪುಗಳೂ ಆಗುತ್ತವೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೇ ಕಮಾಂಡ್ ಲೈನ್ ಎನ್ನುವುದು. ಅಂತಹ ಸಾಲುಗಳನ್ನು ಕಡತವೊಂದರಲ್ಲಿ ಬರೆದಿಟ್ಟು ಬೇಕಾದಾಗ ಓಡಿಸಿದರೆ ಅದು ಸ್ಕ್ರಿಪ್ಟ್.

ಇದು ಹೊಸ ವಿದ್ಯೆಯಲ್ಲ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಆರಂಭಿಸಿದಾಗಿನಿಂದ ದೊಡ್ಡ ಗಣಕಯಂತ್ರಗಳನ್ನು ಹೀಗೆಯೇ ನಡೆಸಲಾಗುತ್ತಿದೆ. ಒಂದು ಆಜ್ಞೆಯ ಫಲವನ್ನು ಮುಂದಿನ ಆಜ್ಞೆಗೆ ಕೊಳವೆಯಲ್ಲಿ ಹರಿಸಿದಂತೆ ದಾಟಿಸುವ 'ಪೈಪ್' 1973ರಲ್ಲಿ ಬಂತು. ವಿಂಡೋಸ್ ಮಾತ್ರ ಬಹುಕಾಲ ಮೌಸನ್ನೇ ನಂಬಿಕೊಂಡಿತ್ತು. ಮೈಕ್ರೋಸಾಫ್ಟ್‌ನಲ್ಲಿದ್ದ ಜೆಫ್ರಿ ಸ್ನೋವರ್ ಎಂಬವರು ಇದನ್ನು ಬದಲಿಸಬೇಕೆಂದು 2002ರಲ್ಲಿ 'ಮೊನಾಡ್' ಎಂಬ ಹೆಸರಿನಲ್ಲಿ ತನ್ನ ಯೋಜನೆಯನ್ನು ಬರೆದು ಮುಂದಿಟ್ಟರು. ಈ ಹಟಕ್ಕಾಗಿ ತನಗೆ ಹಿಂಬಡ್ತಿಯಾಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೂ ಬಿಡಲಿಲ್ಲ. 2006ರ ನವೆಂಬರ್‌ನಲ್ಲಿ ಅದು ಪವರ್‌ಶೆಲ್ ಎಂಬ ಹೆಸರಿನಿಂದ ಹೊರಬಂತು. 2016ರ ಆಗಸ್ಟ್‌ನಲ್ಲಿ ಅದರ ಮೂಲ ಸಂಕೇತವೇ ಎಲ್ಲರಿಗೂ ಮುಕ್ತವಾಯಿತು. ಇಂದು ಅದು ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲೂ ಓಡುತ್ತದೆ, ಉಚಿತವಾಗಿ ಸಿಗುತ್ತದೆ.

ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ವಿಂಡೋಸ್ ಕಂಪ್ಯೂಟರ್ ಇದ್ದರೆ ಪವರ್‌ಶೆಲ್ ಆಗಲೇ ಅದರೊಳಗಿದೆ. ಶುಲ್ಕ ಕಟ್ಟಿ ತರಗತಿಗೆ ಸೇರಬೇಕಾಗಿಲ್ಲ. ಅದರ ಆಜ್ಞೆಗಳು ಕ್ರಿಯಾಪದ, ನಾಮಪದಗಳ ಜೋಡಿ. ಗೆಟ್-ಸರ್ವಿಸ್ ಎಂದರೆ ಸೇವೆಗಳನ್ನು ತೋರಿಸು, ಸ್ಟಾಪ್-ಸರ್ವಿಸ್ ಎಂದರೆ ನಿಲ್ಲಿಸು. ಮೊದಲಿಗೆ ಮೂರನ್ನು ಕಲಿತರೆ ಸಾಕು. ಯಾವ ಆಜ್ಞೆಗಳಿವೆ ಎಂದು ತಿಳಿಯಲು ಗೆಟ್-ಕಮಾಂಡ್, ಬಳಸುವ ಕ್ರಮ ತಿಳಿಯಲು ಗೆಟ್-ಹೆಲ್ಪ್, ಕೈಗೆ ಬಂದ ಫಲಿತಾಂಶದೊಳಗೆ ಏನೇನಿದೆ ಎಂದು ನೋಡಲು ಗೆಟ್-ಮೆಂಬರ್. ಉಳಿದುದನ್ನು ಈ ಮೂರೇ ನಿಮಗೆ ಕಲಿಸುತ್ತವೆ.

ಇನ್ನು ನನ್ನ ತಪ್ಪಿನ ವಿಷಯ. ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ವಿದ್ಯಾಸಂಸ್ಥೆಯ ಕಚೇರಿಯಲ್ಲಿ ಕೆಲಸಕ್ಕಿದ್ದೆ. ವಿದ್ಯಾರ್ಥಿವೇತನದ ಅರ್ಜಿಗಳ ಜೊತೆಗಿನ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ಸರ್ವರಿನ 'ಡಿ' ಡ್ರೈವ್‌ನಲ್ಲಿ ಇಡುತ್ತಿದ್ದೆವು. ಸ್ಕ್ಯಾನರ್ ಉಳಿಸಿಹೋಗುವ ತಾತ್ಕಾಲಿಕ ಕಡತಗಳನ್ನು ಅಳಿಸಲು ನಾನೊಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಯಾವ ಫೋಲ್ಡರನ್ನು ಖಾಲಿ ಮಾಡಬೇಕು ಎಂಬ ಹೆಸರನ್ನು ಅದು ಇನ್ನೊಂದು ಕಡತದಿಂದ ಓದಿಕೊಳ್ಳುತ್ತಿತ್ತು. ಒಂದು ಸಂಜೆ ಆ ಕಡತದ ಸಾಲು ಖಾಲಿಯಾಗಿತ್ತು. ಫೋಲ್ಡರಿನ ಹೆಸರು ಇಲ್ಲವಾದ ಮೇಲೆ ಆಜ್ಞೆಯಲ್ಲಿ ಉಳಿದದ್ದು 'ಡ್ರೈವಿನ ಬುಡದಿಂದ ಇರುವುದೆಲ್ಲವನ್ನೂ ಅಳಿಸು' ಎಂಬ ಅರ್ಥ. ಯಂತ್ರ ನಾನು ಹೇಳಿದ್ದನ್ನೇ ಮಾಡಿತು. ಹೀಗೆ ಅಳಿಸಿದ ಕಡತಗಳು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ.

ಕೊನೆಯ ದಿನಾಂಕಕ್ಕೆ ಇನ್ನು ನಾಲ್ಕೇ ದಿನಗಳಿದ್ದವು. ಆಗ ನಾನು ಎರಡನೆಯ ತಪ್ಪು ಮಾಡಿದೆ. ಅದೇ ದೊಡ್ಡದು. ಯಾರಿಗೂ ಹೇಳಲಿಲ್ಲ. ಹೇಗಾದರೂ ಸರಿಮಾಡಿಬಿಡೋಣ ಎಂದು ಒಂದು ಗಂಟೆಗೂ ಹೆಚ್ಚು ಹೊತ್ತು ಒಬ್ಬನೇ ಹೆಣಗಾಡಿದೆ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತ ಆ ಕ್ಷಣವೇ ಮಾಯವಾಗುವುದಿಲ್ಲ. ಅದರ ಜಾಗ ಖಾಲಿಯೆಂದು ಗುರುತಾಗುತ್ತದೆ, ಅಷ್ಟೆ. ಆ ಜಾಗದಲ್ಲಿ ಹೊಸದೇನಾದರೂ ಬರೆಯಲ್ಪಟ್ಟಾಗಲೇ ಅದು ನಿಜವಾಗಿ ಹೋಗುವುದು. ತಕ್ಷಣ ಹೇಳಿ ಯಂತ್ರವನ್ನು ನಿಲ್ಲಿಸಿದ್ದರೆ ಬಹಳಷ್ಟು ಉಳಿಯುತ್ತಿತ್ತು. ನಾನು ಮೌನವಾಗಿದ್ದ ಆ ಹೊತ್ತಿನಲ್ಲಿ ಪಕ್ಕದ ಕೋಣೆಯವರು ಅದೇ ಡ್ರೈವ್‌ಗೆ ಹೊಸ ಕಡತಗಳನ್ನು ತುಂಬಿಸುತ್ತಲೇ ಇದ್ದರು. ಬ್ಯಾಕಪ್ ಇತ್ತಲ್ಲ ಎಂದು ಕೇಳುವಿರಿ. ಇತ್ತು. ಪ್ರತಿ ರಾತ್ರಿ 'ಯಶಸ್ವಿ' ಎಂಬ ಸಂದೇಶವೂ ಬರುತ್ತಿತ್ತು. ತೆರೆದು ನೋಡಿದರೆ ಆ ಫೋಲ್ಡರ್ ಅದರ ಪಟ್ಟಿಯಲ್ಲೇ ಇರಲಿಲ್ಲ.

ಮರುದಿನದಿಂದ ಮಕ್ಕಳನ್ನು ಮತ್ತೆ ಕರೆಸಿದೆವು. ಒಬ್ಬ ಹುಡುಗಿ ತಂದೆಯ ಜೊತೆ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ತಂದೆ ಕೂಲಿ ಕೆಲಸದವರು. ಅವರು ಜಗಳವಾಡಲಿಲ್ಲ. "ಪರವಾಗಿಲ್ಲ ಸಾರ್, ಇವತ್ತಿನ ಕೆಲಸ ಹೋಯಿತು ಅಷ್ಟೆ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಮಾತನ್ನು ಇಂದಿಗೂ ಮರೆಯಲಾಗಿಲ್ಲ.

ಇಂತಹುದು ದೊಡ್ಡವರಿಗೂ ತಪ್ಪಿದ್ದಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಕಂಪೆನಿಯ ಎಂಜಿನಿಯರ್ ಒಬ್ಬರು ತಡರಾತ್ರಿ ಕೆಲಸ ಮಾಡುತ್ತಾ ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ. ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ನೆಚ್ಚಬಹುದಾದದ್ದು ಒಂದೂ ಇರಲಿಲ್ಲ. ಆರು ಗಂಟೆಗಳ ಹಿಂದೆ ಬೇರೇನೋ ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಆದರೆ ಅವರು ಏನನ್ನೂ ಮುಚ್ಚಿಡಲಿಲ್ಲ. ಆದುದೆಲ್ಲವನ್ನೂ ಆಗಲೇ ಲೋಕಕ್ಕೆ ತಿಳಿಸಿದರು, ದುರಸ್ತಿಯನ್ನೂ ನೇರಪ್ರಸಾರದಲ್ಲಿ ತೋರಿಸಿದರು. ನನಗೂ ಅವರಿಗೂ ಇದ್ದ ವ್ಯತ್ಯಾಸ ಇದೇ.

ಪ್ರಿಯ ವಿದ್ಯಾರ್ಥಿಗಳೇ, ನಾನು ಕಲಿತ ಪಾಠಗಳನ್ನು ಬರೆದಿಟ್ಟುಕೊಳ್ಳಿ.

ಒಂದು, ಮೊದಲು ನೋಡಿ, ಆಮೇಲೆ ಅಳಿಸಿ. ಗೆಟ್-ಚೈಲ್ಡ್‌ಐಟಂ ಆಜ್ಞೆಯಿಂದ ಪಟ್ಟಿ ತೆಗೆದು ಕಣ್ಣಾರೆ ಓದಿ. ಅದು ಸರಿಯಿದ್ದರೆ ಮಾತ್ರ ಪೈಪ್ ಹಾಕಿ ರಿಮೂವ್-ಐಟಂ ಸೇರಿಸಿ.

ಎರಡು, ಅಳಿಸುವ, ನಿಲ್ಲಿಸುವ, ಹೆಸರು ಬದಲಿಸುವ ಆಜ್ಞೆಗಳ ಕೊನೆಗೆ 'ವಾಟ್‌ಇಫ್' ಎಂಬ ಪದವನ್ನು ಅಡ್ಡಗೆರೆಯೊಂದಿಗೆ ಸೇರಿಸಿ. ಆಗ ಯಂತ್ರ ಏನನ್ನೂ ಮಾಡದೆ, ಏನು ಮಾಡಲಿದ್ದೇನೆ ಎಂಬುದನ್ನು ಮಾತ್ರ ಹೇಳುತ್ತದೆ. ಅಂದು ಈ ಒಂದು ಪದ ಬರೆದಿದ್ದರೆ ಆ ತಂದೆಯ ಕೂಲಿ ಉಳಿಯುತ್ತಿತ್ತು.

ಮೂರು, ಹೊರಗಿನಿಂದ ಬರುವ ಹೆಸರು ಖಾಲಿಯಾಗಿದೆಯೇ ಎಂದು ಸ್ಕ್ರಿಪ್ಟೇ ಪರೀಕ್ಷಿಸಲಿ. ಖಾಲಿಯಿದ್ದರೆ ಅಲ್ಲಿಗೇ ನಿಲ್ಲಲಿ.

ನಾಲ್ಕು, ಬ್ಯಾಕಪ್ ತೆಗೆದರೆ ಸಾಲದು. ತಿಂಗಳಿಗೊಮ್ಮೆಯಾದರೂ ಅದರಿಂದ ಕಡತವನ್ನು ಮರಳಿ ತೆಗೆದು ನೋಡಿ. ಮರಳಿ ತೆಗೆದು ನೋಡದ ಬ್ಯಾಕಪ್ ಬರೀ ಭರವಸೆ.

ಕೆಲವು ಹೊಸ ಸುದ್ದಿಗಳೂ ನಿಮಗೆ ಗೊತ್ತಿರಲಿ. ಹಳೆಯ ಪವರ್‌ಶೆಲ್ 2.0 ಅನ್ನು 2025ರ ಆಗಸ್ಟ್‌ನಿಂದ ವಿಂಡೋಸ್ 11ರಿಂದ ತೆಗೆಯಲಾಗಿದೆ. ಹೊಸ ಆವೃತ್ತಿಗಳು ಓಡಿದ ಸ್ಕ್ರಿಪ್ಟಿನ ದಾಖಲೆ ಇಡಬಲ್ಲವು, ಅದಕ್ಕೆ ಆ ಶಕ್ತಿ ಇರಲಿಲ್ಲ. ಆದ್ದರಿಂದಲೇ ಅದು ದಾಳಿಕೋರರಿಗೆ ಪ್ರಿಯವಾಗಿತ್ತು. ವಿಬಿಸ್ಕ್ರಿಪ್ಟನ್ನು ಹಂತಹಂತವಾಗಿ ಕೈಬಿಡುವುದಾಗಿ 2023ರ ಅಕ್ಟೋಬರ್‌ನಲ್ಲೇ ಪ್ರಕಟಣೆಯಾಗಿದೆ. ನಿಮ್ಮ ಕಚೇರಿಯಲ್ಲಿ ಅಂತಹ ಹಳೆಯ ಸ್ಕ್ರಿಪ್ಟ್‌ಗಳಿದ್ದರೆ ಈಗಲೇ ಹೊಸದಾಗಿ ಬರೆಯಿರಿ. ವಿಂಡೋಸ್ ಜೊತೆ ಬರುವುದು ಇನ್ನೂ 5.1 ಆವೃತ್ತಿಯೇ. 2020ರ ಮಾರ್ಚ್‌ನಲ್ಲಿ ಬಂದ 7ರ ಸರಣಿ ಬೇಕಿದ್ದರೆ ಬೇರೆಯಾಗಿ ಹಾಕಿಕೊಳ್ಳಬೇಕು. ಎರಡೂ ಒಂದೇ ಯಂತ್ರದಲ್ಲಿ ಇರಬಹುದು.

ಇನ್ನೊಂದು ಎಚ್ಚರಿಕೆ ಮನೆಯವರಿಗೂ ಸೇರಿದ್ದು. "ನೀವು ಮನುಷ್ಯರೆಂದು ಸಾಬೀತುಪಡಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಇದನ್ನು ಅಂಟಿಸಿ, ಎಂಟರ್ ಒತ್ತಿ" ಎಂದು ಯಾವುದಾದರೂ ಪುಟ ಹೇಳಿದರೆ ಕೂಡಲೇ ಮುಚ್ಚಿಬಿಡಿ. 'ಕ್ಲಿಕ್‌ಫಿಕ್ಸ್' ಎಂಬ ಈ ವಂಚನೆ 2024ರಿಂದ ಬಹಳ ಹಬ್ಬಿದೆ. ಅಲ್ಲಿ ಅಂಟಿಸುವುದು ಹೆಚ್ಚಾಗಿ ಪವರ್‌ಶೆಲ್ ಆಜ್ಞೆಯನ್ನೇ, ಬಾಗಿಲು ತೆರೆಯುವುದು ನಿಮ್ಮ ಕೈಯೇ. ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಆಜ್ಞೆಗೂ ಇದೇ ನಿಯಮ. ಅರ್ಥವಾಗದ ಸಾಲನ್ನು ಓಡಿಸಬೇಡಿ. ಎಂಟರ್ ಒತ್ತಿದವರು ನೀವು, ಉತ್ತರ ಕೊಡಬೇಕಾದವರೂ ನೀವೇ.

ಕೊನೆಯದಾಗಿ ಹೆತ್ತವರಲ್ಲಿ ಮತ್ತು ಅಧ್ಯಾಪಕರಲ್ಲಿ ಒಂದು ವಿನಂತಿ. ಮಕ್ಕಳು ಯಂತ್ರದ ಮುಂದೆ ತಪ್ಪು ಮಾಡಿ ನಿಮ್ಮ ಬಳಿ ಬಂದು ಹೇಳಿಕೊಂಡರೆ ಗದರಿಸಬೇಡಿ. ಗದರಿಸಿದರೆ ಮುಂದಿನ ಸಲ ತಪ್ಪು ಕಡಿಮೆಯಾಗುವುದಿಲ್ಲ, ಹೇಳುವುದು ಕಡಿಮೆಯಾಗುತ್ತದೆ. ಅಂದು ನಾನು ಮೌನವಾಗಿದ್ದುದು ಬೈಗುಳದ ಭಯದಿಂದಲೇ. ಆ ಭಯದ ಬೆಲೆಯನ್ನು ತೆತ್ತವರು ಬೆಳಗ್ಗೆ ಬೇಗ ಎದ್ದು ಮಗಳ ಕೈಹಿಡಿದು ಬಸ್ಸು ಹತ್ತಿದ ಒಬ್ಬ ತಂದೆ.

ಮನೆಗೆ ಹೋಗಿ ಆ ಕಪ್ಪು ಪರದೆಯನ್ನು ತೆರೆಯಿರಿ, ಹೆದರಬೇಡಿ. ಗೆಟ್-ಹೆಲ್ಪ್ ಎಂದು ಬರೆಯಿರಿ. ಒಮ್ಮೆ ಓದಿ ನೋಡಿ, ಆಮೇಲೆ ಎಂಟರ್ ಒತ್ತಿ.