ಸಾವಿನ ನೆನಪು, ಬದುಕಿನ ಆಯ್ಕೆ



ಕ್ರೈಸ್ತರಿಗೆ ತಪಸ್ಸು ಕಾಲವೆಂದರೆ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು 40 ದಿನಗಳ ಪ್ರಾರ್ಥನೆ, ಉಪವಾಸ, ದಾನಧರ್ಮ. ಇದು ಆರಂಭವಾಗುವುದೇ ಸಾವಿನ ನೆನಪಿನಿಂದ. ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಜಯಘೋಷದೊಂದಿಗೆ ಹಿಡಿದಿದ್ದ ಗರಿಗಳನ್ನೇ ಸುಟ್ಟು ಬೂದಿ ಮಾಡುತ್ತಾರೆ. ಅದನ್ನು ಹಣೆಗೆ ಹಚ್ಚುತ್ತ ಗುರುಗಳು, ಮಣ್ಣಿನಿಂದ ಬಂದವರು ಮಣ್ಣಿಗೇ ಸೇರಬೇಕೆಂದು ನೆನಪಿಸುತ್ತಾರೆ. ಎಳೆಯರಿಗೂ ಮುದುಕರಿಗೂ, ತೋಟದ ಧಣಿಗೂ ಕೂಲಿಯಾಳಿಗೂ ಅದೇ ಬೂದಿ.

ಬೆಳ್ಳಂಬೆಳಗ್ಗೆ ಸಾವಿನ ಮಾತೇಕೆ ಎನಿಸಬಹುದು. ಬದುಕಿನಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದು ಆ ನೆನಪಿನ ಮುಂದೆ ಬೇಗ ತಿಳಿಯುತ್ತದೆ, ಅದಕ್ಕೆ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಕದನದಲ್ಲಿ ಫಿರಂಗಿ ಗುಂಡು ತಗುಲಿ ಸಾವಿನ ಅಂಚಿಗೆ ಹೋಗಿ ಬಂದ ಸಂತ ಇಗ್ನೇಷಿಯಸ್ ಲೊಯೋಲ, ದೊಡ್ಡ ನಿರ್ಧಾರದ ಮುಂದೆ ನಿಂತವರಿಗೆ ಒಂದು ದಾರಿ ಹೇಳಿಕೊಟ್ಟರು: ನಿಮ್ಮ ಕೊನೆಯ ಗಳಿಗೆ ಬಂದಿದೆ ಎಂದು ಭಾವಿಸಿ. ಆಗ ಯಾವ ದಾರಿ ಹಿಡಿದಿದ್ದರೆ ಚೆನ್ನಾಗಿತ್ತು ಎನಿಸುವುದೋ ಆ ದಾರಿಯನ್ನು ಈಗಲೇ ಹಿಡಿಯಿರಿ.

ಹಾಗೆ ದಾರಿ ಹಿಡಿದವರೊಬ್ಬರು ಬೆಲ್ಜಿಯಂನ ಫಾದರ್ ಡೇಮಿಯನ್. 1860ರಲ್ಲಿ, 20ನೇ ವಯಸ್ಸಿನಲ್ಲಿ ಅವರು ಸನ್ಯಾಸ ವ್ರತ ಸ್ವೀಕರಿಸಿದಾಗ, ಅಂದಿನ ಪದ್ಧತಿಯಂತೆ, ಶವಕ್ಕೆ ಹೊದಿಸುವ ವಸ್ತ್ರವನ್ನು ಅವರ ಮೇಲೆ ಹೊದಿಸಿದ್ದರು. 1873ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋಗಲು ಸ್ವಇಚ್ಛೆಯಿಂದ ಯಾರು ಮುಂದೆ ಬರುವಿರಿ ಎಂಬ ಪ್ರಶ್ನೆ ಎದ್ದಿತು. ಕುಷ್ಠರೋಗಿಗಳನ್ನು ಮನೆಮಂದಿಯಿಂದ ಬೇರ್ಪಡಿಸಿ ಸಾಗಿಸುತ್ತಿದ್ದ ಜಾಗವದು. ಡೇಮಿಯನ್ ಒಪ್ಪಿಕೊಂಡರು. ಅಂದು ತಮ್ಮ ಮೇಲೆ ಹೊದಿಸಿದ್ದ ಆ ವಸ್ತ್ರವನ್ನು ನೆನೆದೇ ಹೊರಟೆನೆಂದು ಆಮೇಲೆ ಪತ್ರದಲ್ಲಿ ತಿಳಿಸಿದರು.

ಅಲ್ಲಿ ಅವರು ಹುಣ್ಣು ತೊಳೆದು ಪಟ್ಟಿ ಕಟ್ಟಿದರು, ಮನೆ ಕಟ್ಟಿದರು, ಕೊಳವೆ ಹಾಕಿಸಿ ನೀರು ತಂದರು, ಶವಪೆಟ್ಟಿಗೆ ಮಾಡಿದರು, ಗುಂಡಿಯನ್ನೂ ತೋಡಿದರು. ಹೇಗೂ ಸಾಯುವವರಿಗೆ ಒಳ್ಳೆಯ ನೀರೇಕೆ, ಮನೆಯೇಕೆ ಎಂದು ಅವರು ಕೇಳಲಿಲ್ಲ. ತನ್ನ ಸಾವನ್ನು ಮೊದಲೇ ಒಪ್ಪಿಕೊಂಡಿದ್ದ ಮನುಷ್ಯನಿಗೆ ತನ್ನ ರಕ್ಷಣೆಯ ಚಿಂತೆ ಕಡಿಮೆಯಾಗಿತ್ತು. ಎರಡೂ ಕೈ ಇನ್ನೊಬ್ಬರ ಬದುಕಿಗೆ ಬಿಡುವಾಗಿದ್ದವು. ಕೊನೆಗೆ ರೋಗ ಅವರನ್ನೂ ಹಿಡಿಯಿತು. 1889ರ ಏಪ್ರಿಲ್ 15ರಂದು, ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಸೋಮವಾರ, 49ನೇ ವಯಸ್ಸಿನಲ್ಲಿ ತೀರಿಕೊಂಡರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ನಮ್ಮ ಮುಂದಿರುವ ಆಯ್ಕೆಗಳು ಮೊಲೊಕಾಯ್‌ನಷ್ಟು ದೂರದವಲ್ಲ. ಆಸ್ತಿ ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣ ಪಕ್ಕದ ಬೀದಿಯಲ್ಲೇ ಇರಬಹುದು. ಹಾಸಿಗೆ ಹಿಡಿದ ತಾಯಿ ಮಗನ ದಾರಿ ಕಾಯುತ್ತಿರಬಹುದು. ಉಪವಾಸದಿಂದ ಉಳಿದ ಹಣ ಹಸಿದವರ ತಟ್ಟೆಗೆ ಹೋಗಬೇಕಾಗಿರಬಹುದು. ಮುಂದೆ ನೋಡೋಣ ಎಂದು ಇವನ್ನೆಲ್ಲ ತಳ್ಳುತ್ತಲೇ ಇರುತ್ತೇವೆ, ಆ ‘ಮುಂದೆ’ ನಮ್ಮ ಕೈಯಲ್ಲೇ ಇದೆ ಎಂಬಂತೆ.

ನಂಬಿಕೆ ಯಾವುದೇ ಇರಲಿ, ತಳ್ಳುತ್ತ ಬಂದ ಅಂಥ ಒಂದು ಕೆಲಸವನ್ನು ಇಂದು ಆ ಕೊನೆಯ ಗಳಿಗೆಯ ಕಣ್ಣಿನಿಂದ ನೋಡೋಣ. ಮಾಡಬೇಕು ಎನಿಸಿದರೆ ಸಂಜೆಯೊಳಗೆ ಮಾಡೋಣ.