ನಿವೇಶನವೊಂದೇ ಊರಾಗದು

(ಹೊಂಗನೂರಿನಲ್ಲಿ ಸೇರಿದ್ದ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಚನ್ನಪಟ್ಟಣದಿಂದ ಬೆಂಗಳೂರಿನ ಕಡೆಗೆ ಹೋಗುವಾಗ ದಾರಿಯ ಎರಡೂ ಬದಿ ನೋಡಿ. ಹಿಪ್ಪುನೇರಳೆ ಇದ್ದ ಕಡೆ, ರಾಗಿ ಇದ್ದ ಕಡೆ, ತೆಂಗು ಇದ್ದ ಕಡೆ ಈಗ ಬಣ್ಣದ ಹಲಗೆಗಳು ನಿಂತಿವೆ. ಹೊಸ ಬಡಾವಣೆ; ಹೆದ್ದಾರಿಗೆ ಹತ್ತಿರ; ಕಂತಿನಲ್ಲಿ ಹಣ ಕಟ್ಟಬಹುದು; ಇಂದು ಬುಕ್ ಮಾಡಿದವರಿಗೆ ರಿಯಾಯಿತಿ. ಹಲಗೆಯ ಮೇಲೆ ನಗುತ್ತಿರುವ ಒಂದು ಸಂಸಾರದ ಚಿತ್ರ ಇರುತ್ತದೆ. ಆ ಚಿತ್ರದಲ್ಲಿ ಇಲ್ಲದ್ದು ಮೂರು: ನೀರಿನ ನಲ್ಲಿ, ಬಸ್ಸು, ಅಂಗಡಿ. ಇಂದು ನಾನು ಮಾತನಾಡುವುದು ಈ ಇಲ್ಲದ ಮೂರರ ಬಗ್ಗೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಸ್ವಂತ ಮನೆ ಬೇಕು ಎನ್ನುವ ಕಾರ್ಮಿಕನನ್ನು ಹಾಸ್ಯ ಮಾಡಲು ನಾನು ಬಂದಿಲ್ಲ. ವಠಾರದ ಒಂದು ಕೋಣೆಯಲ್ಲಿ ಆರು ಜನ ಮಲಗಿದವರಿಗೆ, ಒಂದು ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ, ವರ್ಷ ವರ್ಷವೂ ಬಾಡಿಗೆ ಏರಿಸುವ ಮಾಲೀಕನಿಗೆ ಉತ್ತರ ಹೇಳಲಾರದವರಿಗೆ ಮೂವತ್ತು ನಲವತ್ತರ ಒಂದು ನಿವೇಶನ ಎಂದರೆ ಏನೆಂದು ಬಲ್ಲೆ. ಆ ಆಸೆ ನ್ಯಾಯವಾದದ್ದು. ಆ ನ್ಯಾಯವಾದ ಆಸೆಯನ್ನೇ ಬಂಡವಾಳ ಮಾಡಿಕೊಂಡು ನಡೆಯುವ ವ್ಯಾಪಾರವನ್ನು ನಾವು ಪರೀಕ್ಷಿಸಬೇಕು. ಏಕೆಂದರೆ ಅಲ್ಲಿಗೆ ಹೋಗುವುದು ಭವಿಷ್ಯನಿಧಿಯ ಹಣ, ಹೆಂಡತಿಯ ಕೊರಳಿನ ಸರ, ಚೀಟಿ ಎತ್ತಿದ ದುಡ್ಡು. ಒಮ್ಮೆ ಹೋದರೆ ಅದು ಈ ಜನ್ಮದಲ್ಲಿ ಮತ್ತೆ ಕೂಡುವ ಹಣವಲ್ಲ.

ನಿವೇಶನದ ಬೆಲೆ ಎರಡು ಭಾಗದಲ್ಲಿದೆ. ಒಂದನ್ನು ಮಾರುವವನು ಹೇಳುತ್ತಾನೆ. ಇನ್ನೊಂದನ್ನು ಅವನು ಹೇಳುವುದಿಲ್ಲ; ಅದನ್ನು ನೀವು ದಿನ ದಿನ ಕಟ್ಟುತ್ತೀರಿ. ಪೇಟೆಯಿಂದ ದೂರ ಹೋದಷ್ಟೂ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ. ಒಂದು ಸರಳ ಲೆಕ್ಕ ಹಾಕೋಣ. ಬಡಾವಣೆಯಿಂದ ಕಾರ್ಖಾನೆಯ ಬಾಗಿಲಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ 3 ಗಂಟೆ. ತಿಂಗಳಿಗೆ 26 ದಿನದ ದುಡಿಮೆಯಾದರೆ 78 ಗಂಟೆ. ಎಂಟು ಗಂಟೆಯ ಪಾಳಿಯಿಂದ ಭಾಗಿಸಿದರೆ ಹತ್ತಿರ ಹತ್ತಿರ 10 ದಿನದ ದುಡಿಮೆ. ವರ್ಷಕ್ಕೆ 936 ಗಂಟೆ, ಅಂದರೆ 117 ಪಾಳಿ. ನಾಲ್ಕೂವರೆ ತಿಂಗಳ ಕೆಲಸವನ್ನು ಕಾರ್ಮಿಕನು ಕೂಲಿಯಿಲ್ಲದೆ ರಸ್ತೆಯ ಮೇಲೆ ಮಾಡುತ್ತಾನೆ. ಮೇಲಾಗಿ ತಾನೇ ಚಾರ್ಜು ಕೊಟ್ಟು ಮಾಡುತ್ತಾನೆ. ಎಂಟು ಗಂಟೆಯ ದುಡಿಮೆಗಾಗಿ 1886ರಲ್ಲಿ ಷಿಕಾಗೋದ ಕಾರ್ಮಿಕರು ರಕ್ತ ಸುರಿಸಿದರು. ಆ ಹೋರಾಟದಿಂದ ಬಂದ ಬಿಡುವನ್ನು ದೂರದ ಬಡಾವಣೆ ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ. ಮುಷ್ಕರವಿಲ್ಲ, ಲಾಠಿಯಿಲ್ಲ; ಬರೀ ಒಂದು ಕ್ರಯಪತ್ರ.

ಹೆದ್ದಾರಿ ಇದೆಯಲ್ಲ ಎನ್ನುತ್ತಾರೆ. ಇದೆ. ಬೆಂಗಳೂರು–ಮೈಸೂರು ದಶಪಥವನ್ನು 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅಪಘಾತ ತಡೆಯಲು ಮಾಡಿದ ನಿಯಮ; ಅದರ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಮಿಕನ ವಾಹನ ಬೈಕು. 'ಹೆದ್ದಾರಿಯ ಪಕ್ಕ' ಎಂದು ನಿವೇಶನ ಕೊಂಡವನು ಆ ಹೆದ್ದಾರಿಯನ್ನು ಹತ್ತುವಂತಿಲ್ಲ. ಅವನಿಗೆ ಉಳಿದದ್ದು ಪಕ್ಕದ ಸೇವಾರಸ್ತೆ ಮತ್ತು ಮೇಲೆ ಹೋಗುವ ಕಾರುಗಳ ಸದ್ದು. 2022ರ ಆಗಸ್ಟ್ ತಿಂಗಳ ಮಳೆಯಲ್ಲಿ ರಾಮನಗರದ ಬಳಿ ಈ ಹೆದ್ದಾರಿಯೇ ನೀರಿನಲ್ಲಿ ಮುಳುಗಿದ್ದನ್ನು ನೀವೆಲ್ಲ ಕಂಡಿದ್ದೀರಿ. ಕೆರೆಯ ಕೋಡಿ, ಹಳ್ಳದ ದಾರಿಗಳನ್ನು ಮರೆತು ಮಣ್ಣು ತುಂಬಿದರೆ ನೀರು ತನ್ನ ದಾರಿಯನ್ನು ತಾನೇ ನೆನಪಿಸುತ್ತದೆ. ತಗ್ಗಿನಲ್ಲಿ ಅಗ್ಗಕ್ಕೆ ಸಿಕ್ಕ ನಿವೇಶನ ಏಕೆ ಅಗ್ಗ ಎಂದು ಕೇಳಿಕೊಳ್ಳಿ.

ತಾಯಂದಿರಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಒಳ್ಳೆಯದು. ಆದರೆ ಬಸ್ಸೇ ಬಾರದ ಬಡಾವಣೆಯಲ್ಲಿ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಲ್ಲಿ ಇಳಿಯುವ ಹೆಣ್ಣುಮಗಳಿಗೆ ನಿಲ್ದಾಣದಿಂದ ಮನೆಯವರೆಗೆ ದೀಪವಿಲ್ಲದ, ಅಕ್ಕಪಕ್ಕ ಖಾಲಿ ನಿವೇಶನಗಳ ದಾರಿ. ಗಂಡ ಪಾಳಿಗೆ ಹೋದರೆ ಮನೆಯಲ್ಲಿ ಮಗುವಿನ ಜೊತೆ ಒಬ್ಬಳೇ. ವಠಾರದಲ್ಲಿ ಜಗಳವಿತ್ತು, ನಿಜ. ಮಗುವಿಗೆ ಜ್ವರ ಬಂದರೆ ಗೋಡೆ ತಟ್ಟಿದ ಕೂಡಲೇ ಓಡಿಬರುವ ಪಕ್ಕದ ಮನೆಯ ಅಕ್ಕನೂ ಅಲ್ಲಿದ್ದಳು.

ಇದು ನಮ್ಮ ಊರಿನ ಕಷ್ಟ ಮಾತ್ರವಲ್ಲ. ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನ ಪೂರ್ವಭಾಗದ ಬೆತ್ನಲ್ ಗ್ರೀನ್ ಎಂಬ ಕಾರ್ಮಿಕರ ಕೇರಿಯಿಂದ ಎಷ್ಟೋ ಸಂಸಾರಗಳು ದೂರದ ಹೊಸ ಬಡಾವಣೆಗೆ ಹೋದವು. ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್ಮಾಟ್ ಎಂಬ ಇಬ್ಬರು ಆ ಸಂಸಾರಗಳನ್ನು ಮಾತನಾಡಿಸಿ 1957ರಲ್ಲಿ ಒಂದು ಪುಸ್ತಕ ಬರೆದರು. ಈ ಯಂಗ್ ಬ್ರಿಟನ್ನಿನ ಲೇಬರ್ ಪಕ್ಷದ 1945ರ ಚುನಾವಣಾ ಪ್ರಣಾಳಿಕೆಯನ್ನು ಸಿದ್ಧಪಡಿಸಿದವರು. ಅವರು ಕಂಡದ್ದೇನು? ಮನೆ ಚೆನ್ನಾಗಿತ್ತು, ಕೈತೋಟವಿತ್ತು, ಗಾಳಿ ಬೆಳಕಿತ್ತು. ಆದರೆ ತಾಯಿಯ ಮನೆ ದೂರವಾಯಿತು, ಅಂಗಡಿ ದೂರವಾಯಿತು, ಬಾಡಿಗೆ ಮತ್ತು ಪ್ರಯಾಣದ ಖರ್ಚು ಏರಿತು, ಹೆಂಗಸರು ಒಂಟಿಯಾದರು. ಅಲ್ಲಿ ಕಟ್ಟಿದ್ದು ಲಾಭಕೋರರಲ್ಲ, ಸಾರ್ವಜನಿಕ ಸಂಸ್ಥೆ. ಕೊಳಾಯಿಯಲ್ಲಿ ನೀರೂ ಬರುತ್ತಿತ್ತು. ಆದರೂ ಹಾಗಾಯಿತು. ಇನ್ನು ನೀರೂ ಇಲ್ಲದ ನಮ್ಮ ಬಡಾವಣೆಗಳ ಮಾತೇನು?

ನೀರಿನ ವಿಚಾರಕ್ಕೆ ಬರೋಣ. ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಮೇಲೆತ್ತಿ, ನಮ್ಮ ಹಾರೋಹಳ್ಳಿಯಲ್ಲಿ ಮತ್ತೊಮ್ಮೆ ಎತ್ತಿ, ತಾತಗುಣಿಯ ಮೂಲಕ ಸಾಗಿಸುತ್ತಾರೆ. ಶುದ್ಧ ನೀರು ನಮ್ಮ ಜಿಲ್ಲೆಯ ಹೊಟ್ಟೆಯೊಳಗೆ ಹಾದು ಮೇಲಕ್ಕೆ ಹೋಗುತ್ತದೆ. ಆ ನಗರದ ಕೊಳಚೆ ವೃಷಭಾವತಿಯಲ್ಲಿ ಇಳಿದು ಬಿಡದಿಯ ಬಳಿ ಭೈರಮಂಗಲದ ಕೆರೆಗೆ ಬರುತ್ತದೆ. ಭೈರಮಂಗಲದ ರೈತರು ಎಷ್ಟೋ ವರ್ಷಗಳಿಂದ ಆ ನೊರೆನೀರಿನ ವಾಸನೆಯಲ್ಲಿ ಬದುಕಿದ್ದಾರೆ. ಚರಂಡಿಯಿಲ್ಲದೆ ಬೆಳೆಸಿದ ನಗರ ಕೆಳಗಿನ ಊರಿಗೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬಡಾವಣೆಯ ಕೊಳವೆಬಾವಿ ಬತ್ತಿದರೆ ಟ್ಯಾಂಕರು. ಬಚ್ಚಲ ನೀರು ಹೋಗಲು ಜಾಗವಿಲ್ಲದಿದ್ದರೆ ಪಕ್ಕದ ಕೆರೆ. ನಾಳೆ ನಮ್ಮ ಹೊಂಗನೂರಿನ ಸುತ್ತಿನ ಕೆರೆಕಟ್ಟೆಗಳಿಗೂ ಇದೇ ಗತಿ ಬರಬಾರದು.

ಖಾಸಗಿಯವರು ಹೀಗೆ, ಸರ್ಕಾರದ ಬಡಾವಣೆ ಹಾಗಲ್ಲ ಎಂದು ಕೆಲವರು ಹೇಳಬಹುದು. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೈಗೆತ್ತಿಕೊಂಡ ನಾಡಪ್ರಭು ಕೆಂಪೇಗೌಡ ಬಡಾವಣೆಯನ್ನು ನೋಡಿ. ನಾಲ್ಕು ಸಾವಿರ ಎಕರೆಗೂ ಮೀರಿದ ಯೋಜನೆ. 2008ರಲ್ಲಿ ಪ್ರಾಥಮಿಕ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ, 2016ರಲ್ಲಿ ನಿವೇಶನಗಳ ಹಂಚಿಕೆ. ಹಣ ಕಟ್ಟಿದವರು ಆಮೇಲೆ ರಸ್ತೆ, ನೀರು, ವಿದ್ಯುತ್ತು, ಒಳಚರಂಡಿಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು. ಭೂಮಿ ಬಿಟ್ಟ ರೈತನೂ ಅಲೆದ, ಭೂಮಿ ಪಡೆದ ನಿವೇಶನದಾರನೂ ಅಲೆದ. ಆದ್ದರಿಂದ ಪ್ರಶ್ನೆ ಸರ್ಕಾರವೇ ಖಾಸಗಿಯೇ ಎಂಬುದಷ್ಟೇ ಅಲ್ಲ. ಮೊದಲು ನಿವೇಶನ ಮಾರಿ ಊರನ್ನು ಆಮೇಲೆ ನೋಡೋಣ ಎನ್ನುವ ರೀತಿಯೇ ತಪ್ಪು.

ಬೇರೆ ರೀತಿ ಇತ್ತು. 1949ರಲ್ಲಿ ಬೆಂಗಳೂರಿನ ರಾಜಾಜಿನಗರವನ್ನು ಕೈಗಾರಿಕಾ ಉಪನಗರವೆಂದೇ ಆರಂಭಿಸಿದರು. ಕಾರ್ಖಾನೆಯೂ ಮನೆಯೂ ಅಕ್ಕಪಕ್ಕ ಇರಬೇಕೆಂಬುದು ಆಗಿನ ಯೋಚನೆ. ನಮ್ಮ ಚನ್ನಪಟ್ಟಣದ ಕಲಾನಗರದಲ್ಲಿ ಬೊಂಬೆ ಮಾಡುವ ಕುಶಲಕರ್ಮಿಗಳಿಗೆ ಮನೆಯ ಜೊತೆಯಲ್ಲೇ ಕೆಲಸದ ಜಾಗವನ್ನೂ ಸೇರಿಸಿ ಕಟ್ಟಿಕೊಟ್ಟರು. ಕೊರತೆಗಳು ಅಲ್ಲಿಯೂ ಇರಬಹುದು. ಆದರೆ ದುಡಿಯುವವನ ಮನೆ ದುಡಿಮೆಯ ಹತ್ತಿರ ಇರಬೇಕೆಂಬ ತತ್ತ್ವ ಸರಿ. ಇಂದು ಆಗಿರುವುದೇನು? ಬೆಂಗಳೂರಿನ ನಡುವೆ ರಾಜಾ ಮಿಲ್ಲು ಇದ್ದ ಜಾಗದಲ್ಲಿ ಮಾಲ್ ನಿಂತಿದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಸಾವಿರಾರು ಕಾರ್ಮಿಕರು ಬೆವರು ಸುರಿಸಿದ ನೆಲದಲ್ಲಿ ಅವರ ಮಕ್ಕಳಿಗೆ ಒಂದು ಕೋಣೆಗೂ ಜಾಗವಿಲ್ಲ. ನಗರದ ನಡುವಿನ ಭೂಮಿ ಹಣವಂತರಿಗೆ, ನಗರದ ಹೊರಗಿನ ದೂಳು ದುಡಿಯುವವರಿಗೆ.

ವರ್ತಕ ಮಿತ್ರರೇ, ಇದು ನಿಮ್ಮ ಪ್ರಶ್ನೆಯೂ ಹೌದು. ಬೈಪಾಸ್ ಆದ ಮೇಲೆ ಹಳೆಯ ಹೆದ್ದಾರಿಯ ಮೇಲಿದ್ದ ಬೊಂಬೆ ಅಂಗಡಿಗಳ, ಹೋಟೆಲುಗಳ ವ್ಯಾಪಾರ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಹೊಸ ಬಡಾವಣೆಯಲ್ಲಿ ಅಂಗಡಿ ಇಟ್ಟರೆ ಆಯಿತು ಎಂದು ಕೆಲವರು ಸಾಲ ಮಾಡಿ ಹೋಗುತ್ತಾರೆ. ನೂರು ನಿವೇಶನ ಮಾರಾಟವಾಗಿರುತ್ತವೆ. ಒಲೆ ಉರಿಯುವುದು ಹತ್ತು ಮನೆಯಲ್ಲಿ. ಉಳಿದವು ಬೆಲೆ ಏರಲಿ ಎಂದು ಕಾದಿರುವ ಹಣ. ಹಣ ಉಪ್ಪು, ಬೇಳೆ ಕೊಳ್ಳುವುದಿಲ್ಲ, ಜನ ಕೊಳ್ಳುತ್ತಾರೆ. ಇತ್ತ ಹಳೆಯ ಪೇಟೆಯ ಗಿರಾಕಿ ದೂರ ಹೋದ, ಅತ್ತ ಹೊಸ ಗಿರಾಕಿ ಬರಲಿಲ್ಲ. ಕಾರ್ಮಿಕನ ಸಂಬಳ ರಸ್ತೆಯ ಮೇಲೆ ಖರ್ಚಾದರೆ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ. ಇಬ್ಬರ ಹಿತ ಒಂದೇ.

ಮತ್ತೆ ಈ ಭೂಮಿ ಯಾರದು? 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದರು. ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಮುಂಚೂಣಿಯಲ್ಲಿದ್ದರು. 1974ರಲ್ಲಿ ಉಳುವವನಿಗೆ ಭೂಮಿ ಎಂಬುದು ಕಾನೂನಾಯಿತು. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ವಿಧಿಗಳನ್ನು ತೆಗೆದುಹಾಕಿ, ಉಳದವನೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದರು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ಸಚಿವ ಸಂಪುಟ ತೀರ್ಮಾನಿಸಿತು. ಹೆಸರು ಬದಲಾದ ಮಾತ್ರಕ್ಕೆ ದೂರ ಒಂದು ಮೈಲಿಯೂ ಕಡಿಮೆಯಾಗದು. ಎಕರೆಯ ಬೆಲೆ ಮಾತ್ರ ಏರುತ್ತದೆ. ಅದೇ ವರ್ಷ ಬಿಡದಿಯ ಬಳಿ ಭೈರಮಂಗಲ, ಕಂಚುಗಾರನಹಳ್ಳಿಯ ಸುತ್ತಿನ ಸಾವಿರಾರು ಎಕರೆಯಲ್ಲಿ ಹೊಸ ಉಪನಗರಕ್ಕಾಗಿ ಅಧಿಸೂಚನೆ ಹೊರಟಿತು. ರೈತರು ವಿರೋಧಿಸಿ ಧರಣಿ ಕುಳಿತರು. ಅಲ್ಲೇ ಕೆಲಸ, ಅಲ್ಲೇ ವಾಸ ಎಂಬ ಭರವಸೆ ಕೇಳಲು ಇಂಪಾಗಿದೆ. ಯಾರ ಕೆಲಸ, ಯಾರ ವಾಸ? ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಹೆಂಗಸಿಗೆ, ನೂಲು ಬಿಚ್ಚುವ ಕಾರ್ಮಿಕನಿಗೆ ಅಲ್ಲಿ ಕೊಡುವ ಕೆಲಸ ಯಾವುದು? ಕಾವಲುಗಾರನ ಕೋಲೊಂದನ್ನು ಕೊಟ್ಟು ಉದ್ಯೋಗ ಕೊಟ್ಟೆವು ಎನ್ನಬಾರದು. ತೋಟ ಹೋದರೆ ಗೂಡು ಹೋಗುತ್ತದೆ, ಗೂಡು ಹೋದರೆ ರಾಮನಗರದ ಗೂಡಿನ ಮಾರುಕಟ್ಟೆ ಸೊರಗುತ್ತದೆ, ಅದರ ಹಿಂದೆ ನೂಲು ಬಿಚ್ಚುವ ಮನೆಗಳು ಮುಚ್ಚುತ್ತವೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ, ಎಚ್ಚರ. ನಿವೇಶನ ತೋರಿಸುವವನು 'ಡಿ.ಸಿ. ಕನ್ವರ್ಷನ್ ಆಗಿದೆ' ಎಂದರೆ ಸಾಲದು. ಭೂಪರಿವರ್ತನೆ ಬೇರೆ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆ. ಎರಡೂ ಕಾಗದ ಕೇಳಿ. 2016ರ ರೇರಾ ಕಾಯಿದೆಯ ಪ್ರಕಾರ 500 ಚದರ ಮೀಟರಿಗೆ ಮೀರಿದ ಬಡಾವಣೆ ಮಾರಾಟಕ್ಕೆ ಮುಂಚೆ ನೋಂದಣಿಯಾಗಿರಬೇಕು. ಆ ಸಂಖ್ಯೆ ಕೇಳಿ, ಓದುಬರಹ ಬಲ್ಲ ಮಕ್ಕಳ ಕೈಯಲ್ಲಿ ಪರೀಕ್ಷಿಸಿ. ಹಗಲು ಕಾರಿನಲ್ಲಿ ಕರೆದೊಯ್ದು ತೋರಿಸುವುದನ್ನು ನಂಬಬೇಡಿ. ಪಾಳಿಯ ಹೊತ್ತಿಗೆ ಅಲ್ಲಿಂದ ಬಸ್ಸಿನಲ್ಲಿ ಹೊರಟು ನೋಡಿ. ರಾತ್ರಿ ಒಮ್ಮೆ ಹೋಗಿ ನೋಡಿ. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿ ನೋಡಿ.

ಎರಡನೆಯದು, ಒಗ್ಗಟ್ಟು. ಒಬ್ಬೊಬ್ಬನೇ ಕಾಗದ ನೋಡಿದರೆ ಒಬ್ಬನಷ್ಟೇ ಉಳಿಯುತ್ತಾನೆ. ಗ್ರಾಮಸಭೆಯಲ್ಲಿ, ಪುರಸಭೆ ನಗರಸಭೆಗಳ ಮುಂದೆ, ನಮ್ಮ ಸಂಘಗಳ ಮೂಲಕ ನಾವು ಕೇಳಬೇಕಾದ್ದು ಇಷ್ಟು. ನೀರು, ಒಳಚರಂಡಿ, ಬೀದಿದೀಪ, ಬಸ್ಸು ಬರುವ ಮೊದಲು ಒಂದು ನಿವೇಶನವೂ ಮಾರಾಟವಾಗಕೂಡದು. ಶಾಲೆಗೆ, ಅಂಗನವಾಡಿಗೆ, ನ್ಯಾಯಬೆಲೆ ಅಂಗಡಿಗೆ, ಸಂತೆಗೆ ನಕ್ಷೆಯಲ್ಲಿ ಬಿಟ್ಟ ಜಾಗ ಆಮೇಲೆ ನಿವೇಶನವಾಗಿ ಮಾಯವಾಗಕೂಡದು. ಪಾಳಿಯ ಹೊತ್ತಿಗೆ ಸರಿಯಾಗಿ ಬಸ್ಸೂ ರೈಲೂ ಇರಬೇಕು. ಮುಚ್ಚಿದ ಗಿರಣಿಗಳ, ಪಾಳುಬಿದ್ದ ಸರ್ಕಾರಿ ಜಾಗಗಳ ಮೇಲೆ ಮೊದಲ ಹಕ್ಕು ದುಡಿಯುವವರ ಬಾಡಿಗೆ ಮನೆಗಳಿಗೆ ಇರಬೇಕು. ಚನ್ನಪಟ್ಟಣ, ರಾಮನಗರದ ಹಳೆಯ ಕೇರಿಗಳಿಗೆ ಚರಂಡಿ, ನೀರು ಕೊಟ್ಟು ಅಲ್ಲೇ ಮನೆ ದುರಸ್ತಿಗೆ ನೆರವು ಕೊಡಬೇಕು. ಊರನ್ನು ರಿಪೇರಿ ಮಾಡುವುದು ಹೊಸ ಊರು ಮಾರುವುದಕ್ಕಿಂತ ಅಗ್ಗ. ಅದರಲ್ಲಿ ದಲ್ಲಾಳಿಗೆ ಲಾಭವಿಲ್ಲ ಎಂಬುದೊಂದೇ ಅದರ ದೋಷ!

ಲೋಹಿಯಾ ಅವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯದ ಮಾತನಾಡಿದರು. ನಮ್ಮ ಹೊಲ ಬಡಾವಣೆಯಾಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವಾಗ ಮೊದಲ ಕಂಬವನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ನಾವೇ ಹೋಗಿ ಹೇಳೋಣ. ಮುಂದಿನ ಗ್ರಾಮಸಭೆಗೆ ಹೊಂಗನೂರಿನಿಂದ ಹೆಂಗಸರೂ ಗಂಡಸರೂ ಕೂಡಿ ಬನ್ನಿ. ನಮ್ಮ ಸುತ್ತ ಎಷ್ಟು ಬಡಾವಣೆಗೆ ಅನುಮತಿ ಇದೆ, ಯಾವುದಕ್ಕೆ ನೀರಿದೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿಯನ್ನು ನೋಟಿಸು ಹಲಗೆಗೆ ಹಚ್ಚಿಸಿ. ಅಷ್ಟಾದರೆ ಈ ಸಭೆ ಸಾರ್ಥಕ.